ಘಾಟಿ ಅಂಚಿನ ಫೋನಿಗೂ ತಲುಪುವ ಪಾಠ: ಪದವಿ ಕಾಲೇಜಿನಲ್ಲಿ ವೆಬ್ ಬಳಸುವ ಬಗೆ

ಜುಲೈ ತಿಂಗಳ ಒಂದು ಸೋಮವಾರ. ಹಾಸನದಲ್ಲಿ ಜಿಟಿಜಿಟಿ, ಸಕಲೇಶಪುರದ ಆಚೆ ಜಡಿಮಳೆ. ಎರಡನೇ ವರ್ಷದ ಬಿ.ಎ. ತರಗತಿಯಲ್ಲಿ "ಶನಿವಾರ ಹಾಕಿದ ವಿಡಿಯೊ ಎಷ್ಟು ಜನ ನೋಡಿದಿರಿ?" ಎಂದು ಕೇಳಿದೆ. ಐವತ್ತಕ್ಕೂ ಹೆಚ್ಚು ಜನರಿದ್ದರು. ಎದ್ದದ್ದು ಎಂಟೋ ಒಂಬತ್ತೋ ಕೈ. ನನಗೆ ಸಿಟ್ಟು ಬಂತು. ರಾತ್ರಿ ನಿದ್ದೆ ಬಿಟ್ಟು ಮಾಡಿದ ವಿಡಿಯೊ ಅದು. ಹಾನುಬಾಳು ಕಡೆಯಿಂದ ಬರುವ ಹುಡುಗಿಯೊಬ್ಬಳನ್ನು ಎಬ್ಬಿಸಿ ಯಾಕಮ್ಮ ಎಂದೆ. "ಸಿಗ್ನಲ್ ಬೇಕು ಅಂದ್ರೆ ತೋಟದ ಮೇಲಿನ ದಿಣ್ಣೆಗೆ ಹೋಗ್ಬೇಕು ಸರ್. ಮಳೆ. ಜಿಗಣೆ ಬೇರೆ" ಎಂದಳು. ತರಗತಿ ಪೂರ್ತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ಸ್ಟಾಫ್ ರೂಮಿಗೆ ಹೋಗಿ ಫೈಲಿನ ಗಾತ್ರ ನೋಡಿದೆ. 310 ಎಂಬಿ.

ಆ ಹುಡುಗಿ ದಿಣ್ಣೆ ಹತ್ತಿದ್ದರೂ ಅದು ಇಳಿಯುತ್ತಿರಲಿಲ್ಲ. ತಪ್ಪು ಅವಳದ್ದಲ್ಲ, ನೆಟ್‌ವರ್ಕಿನದ್ದೂ ಪೂರ್ತಿ ಅಲ್ಲ. ಹಾಸನದ ಮನೆಯ ವೈಫೈನಲ್ಲಿ ಕೂತು, ಎಲ್ಲರೂ ನನ್ನ ಹಾಗೇ ಇದ್ದಾರೆ ಎಂದುಕೊಂಡವನು ನಾನು. ಅಲ್ಲಿಂದ ಮುಂದೆ ಹಲವು ಸೆಮಿಸ್ಟರ್ ಎಡವುತ್ತ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಪದವಿ ತರಗತಿಗೆ ಪಾಠ ಮಾಡುವವರಿಗೆ, ಅದರಲ್ಲೂ ಅರ್ಧ ತರಗತಿ ಬಸ್ಸಿನಲ್ಲಿ ಬಂದು ಹೋಗುವ ಕಾಲೇಜುಗಳವರಿಗೆ ಇದು. ಕಂಪ್ಯೂಟರ್ ವಿಭಾಗದವರೇ ಆಗಬೇಕಿಲ್ಲ. ನಾನು ಅರ್ಥಶಾಸ್ತ್ರದವನು.

ಮೊದಲ ಹೆಜ್ಜೆ: ಅರ್ಧ ಹಾಳೆಯ ಲೆಕ್ಕ

ಯಾವ ಆಪ್ ಒಳ್ಳೆಯದು ಎಂದು ಹುಡುಕುವ ಮೊದಲು ನಿಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಏನಿದೆ ಎಂದು ತಿಳಿದುಕೊಳ್ಳಿ. ಇದನ್ನು ಫೋನಿನಲ್ಲಿ ಕೇಳಬೇಡಿ. ಫೋನ್ ಇಲ್ಲದವರ ಲೆಕ್ಕ ಫೋನಿನಲ್ಲಿ ಸಿಗುವುದಿಲ್ಲ ಅಲ್ವಾ? ಅರ್ಧ ಎ4 ಹಾಳೆಯಲ್ಲಿ ಪ್ರಶ್ನೆ ಬರೆದು ಜೆರಾಕ್ಸ್ ಮಾಡಿಸಿ. ತರಗತಿಯಲ್ಲೇ ಕೊಟ್ಟು, ಹತ್ತು ನಿಮಿಷದಲ್ಲಿ ವಾಪಸ್ ತಗೊಳ್ಳಿ. ಹೆಸರು ಬರೆಯುವುದು ಅವರ ಇಷ್ಟ.

"ಇಂಟರ್ನೆಟ್ ಇದೆಯಾ?" ಎಂದು ಮಾತ್ರ ಕೇಳಬೇಡಿ. ಎಲ್ಲರೂ ಇದೆ ಎಂದೇ ಬರೆಯುತ್ತಾರೆ. ಹೀಗೆ ಕೇಳಿ: ಫೋನ್ ನಿಮ್ಮದೇನಾ, ಮನೆಯವರದಾ? ಸಂಜೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ನಿಮ್ಮ ಕೈಗೆ ಸಿಗುತ್ತದೆ? ಮನೆಯೊಳಗೆ ಸಿಗ್ನಲ್ ಬರುತ್ತಾ, ಇಲ್ಲವೆಂದರೆ ಎಲ್ಲಿಗೆ ಹೋಗಬೇಕು? ದಿನಕ್ಕೆ ಎಷ್ಟು ಡೇಟಾ? ಫೋನಿನಲ್ಲಿ ಎಷ್ಟು ಜಾಗ ಖಾಲಿ ಇದೆ? ಬಸ್ಸಿನಲ್ಲಿ ಒಟ್ಟು ಎಷ್ಟು ಹೊತ್ತು ಕೂರುತ್ತೀರಿ?

ಕೊನೆಯ ಪ್ರಶ್ನೆಯನ್ನು ನಾನು ಸುಮ್ನೆ ಸೇರಿಸಿದ್ದೆ. ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ. ಬೇಲೂರು, ಅರಕಲಗೂಡು, ಹೊಳೆನರಸೀಪುರ, ಸಕಲೇಶಪುರದಿಂದ ಬರುವವರು ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ ಬಸ್ಸಿನಲ್ಲೇ ಇರುತ್ತಾರೆ. ಅಲ್ಲಿ ಬರೆಯಲು ಆಗದು, ಕುಲುಕಾಟದಲ್ಲಿ ಓದಿದರೆ ತಲೆ ಸುತ್ತು. ಆದರೆ ಕಿವಿ ಖಾಲಿ ಇರುತ್ತದೆ. ನನ್ನ ಪಾಠ ವಿಡಿಯೊದಿಂದ ಆಡಿಯೊಗೆ ತಿರುಗಿದ್ದು ಈ ಒಂದು ಉತ್ತರದಿಂದ.

ಇನ್ನೊಂದು ಸಂಗತಿಯೂ ತಿಳಿಯಿತು. ಎಷ್ಟೋ ಹೆಣ್ಣುಮಕ್ಕಳಿಗೆ ಫೋನ್ ಕೈಗೆ ಸಿಗುವುದು ಅಣ್ಣನೋ ಅಪ್ಪನೋ ಮನೆಗೆ ಬಂದ ಮೇಲೆ, ರಾತ್ರಿ ಎಂಟೂವರೆ ದಾಟಿದಾಗ. ಕಾಫಿ ಕೊಯ್ಲಿನ ಸಮಯದಲ್ಲಿ, ಅಂದರೆ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ, ಅದೂ ಕಷ್ಟ. ನಾನು ಅಲ್ಲಿಯವರೆಗೆ ಸಂಜೆ ಏಳಕ್ಕೆ ಆನ್‌ಲೈನ್ ತರಗತಿ ಇಟ್ಟು ಹಾಜರಿ ತಗೊಳ್ಳುತ್ತಿದ್ದೆ.

ಹಾಳೆಗಳನ್ನು ಎಸೆಯಬೇಡಿ. ತರಗತಿಯಲ್ಲಿ ಅತ್ಯಂತ ಕಷ್ಟದಲ್ಲಿರುವ ಐದು ಜನರ ಹಾಳೆ ತೆಗೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಿ. ಏನೇ ತಯಾರಿಸಿದರೂ ಈ ಐವರಿಗೆ ತೆರೆಯುತ್ತದಾ ಎಂದು ನೋಡಿ. ಅವರಿಗೆ ತೆರೆದರೆ ಎಲ್ಲರಿಗೂ ತೆರೆಯುತ್ತದೆ.

ಎರಡನೇ ಹೆಜ್ಜೆ: ಒಂದೇ ಬಾಗಿಲು

ನೋಟ್ಸ್ ವಾಟ್ಸಾಪ್‌ನಲ್ಲಿ, ಟೈಮ್‌ಟೇಬಲ್ ಇನ್ನೊಂದು ಗ್ರೂಪಿನಲ್ಲಿ, ಹಳೆಯ ಪ್ರಶ್ನೆಪತ್ರಿಕೆ ಯಾರದೋ ಟೆಲಿಗ್ರಾಂನಲ್ಲಿ. ಪರೀಕ್ಷೆ ಹಿಂದಿನ ರಾತ್ರಿ "ಮೂರನೇ ಘಟಕ ಯಾರತ್ರ ಇದೆ, ಹಾಕ್ರೋ" ಎಂಬ ಕೂಗು. ಇದು ಎಲ್ಲ ಕಾಲೇಜಿನ ಕತೆ.

ವಾಟ್ಸಾಪನ್ನು ನಾನು ಬೈಯುವುದಿಲ್ಲ. ಸುದ್ದಿ ಮುಟ್ಟಿಸಲು ಅದಕ್ಕಿಂತ ಚೆನ್ನಾದ್ದು ನಮ್ಮ ಕಡೆ ಇಲ್ಲ. ಆದರೆ ಅದು ನೋಟಿಸ್ ಬೋರ್ಡು, ಗ್ರಂಥಾಲಯ ಅಲ್ಲ. ತಡವಾಗಿ ಸೇರಿದವನಿಗೆ ಹಳೆಯದು ಕಾಣುವುದಿಲ್ಲ. ತಿಂಗಳು ಕಳೆದ ಮೇಲೆ ಫೈಲ್ ಒತ್ತಿದರೆ ಇಳಿಯುವುದಿಲ್ಲ. ನೀವು ಪಿಡಿಎಫ್ ತಿದ್ದಿ ಮತ್ತೆ ಹಾಕಿದರೆ ಅರ್ಧ ಜನರ ಹತ್ತಿರ ತಪ್ಪು ಪ್ರತಿಯೇ ಉಳಿಯುತ್ತದೆ.

ವೆಬ್ ಎಂಬುದರ ಗುಟ್ಟು ಇರುವುದು ವಿಳಾಸದಲ್ಲಿ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾ ಬಳಿಯ ಸೆರ್ನ್ ಪ್ರಯೋಗಾಲಯದಲ್ಲಿ ಇದನ್ನು ಮುಂದಿಟ್ಟಾಗ ಅವರ ತಲೆನೋವೂ ನಮ್ಮದೇ ಆಗಿತ್ತು: ನೂರಾರು ವಿಜ್ಞಾನಿಗಳು, ಹತ್ತಾರು ಕಂಪ್ಯೂಟರು, ಯಾವ ದಾಖಲೆ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಪ್ರತಿ ಹಂಚುವ ಬದಲು ವಿಳಾಸ ಹಂಚಿ. ಒಂದು ಕಡೆ ತಿದ್ದಿದರೆ ಎಲ್ಲರಿಗೂ ತಿದ್ದಿದ್ದೇ ಕಾಣುತ್ತದೆ. ನಾವು ಮಾಡಬೇಕಾದ್ದೂ ಇಷ್ಟೇ.

ಬಾಗಿಲು ಯಾವುದಿರಬೇಕು? ಕಾಲೇಜಿನಲ್ಲಿ ಸರ್ವರ್ ನೋಡಿಕೊಳ್ಳುವವರು ಇದ್ದರೆ, ಪಾಠ, ಕ್ವಿಜ್, ಅಂಕ ಎಲ್ಲ ಒಂದೇ ಕಡೆ ಇಡುವ ಮೂಡಲ್ ಹಾಕಿಸಿ. 2002ರಲ್ಲಿ ಆಸ್ಟ್ರೇಲಿಯಾದ ಮಾರ್ಟಿನ್ ಡೂಜಿಯಾಮಸ್ ಹೊರತಂದ ಮುಕ್ತ ತಂತ್ರಾಂಶ ಅದು, ದುಡ್ಡು ಕೊಡಬೇಕಿಲ್ಲ. ಅದರ ಮೊಬೈಲ್ ಆಪ್‌ನಲ್ಲಿ ಪಾಠವನ್ನು ಕಾಲೇಜಿನಲ್ಲಿದ್ದಾಗಲೇ ಇಳಿಸಿಕೊಂಡು ಮನೆಯಲ್ಲಿ ಸಿಗ್ನಲ್ ಇಲ್ಲದೆ ಓದಬಹುದು. ನೀವು ಅನುಮತಿ ಕೊಟ್ಟಿದ್ದರೆ ಕ್ವಿಜ್ ಕೂಡ ಹಾಗೇ ಬರೆದು, ಸಿಗ್ನಲ್ ಸಿಕ್ಕಾಗ ಕಳಿಸಬಹುದು. ಮಲೆನಾಡಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ನೋಡಿಕೊಳ್ಳುವವರು ಇಲ್ಲದಿದ್ದರೆ ಆ ಸಾಹಸ ಬೇಡ. ಆರು ತಿಂಗಳಲ್ಲಿ ಪಾಳು ಬೀಳುತ್ತದೆ. ಆಗ ಗೂಗಲ್ ಕ್ಲಾಸ್‌ರೂಮ್ ಸಾಕು. ಅದೂ ಬೇಡವೆಂದರೆ ಡ್ರೈವ್‌ನಲ್ಲಿ ಒಂದು ಫೋಲ್ಡರ್, ಅದರ ಮೇಲೆ ಒಂದು ಗೂಗಲ್ ಡಾಕ್, ಆ ಡಾಕ್‌ನಲ್ಲಿ ವಾರದ ಪ್ರಕಾರ ಲಿಂಕುಗಳು. ನಾನು ಎರಡು ವರ್ಷ ಇಷ್ಟರಲ್ಲೇ ನಡೆಸಿದೆ.

ಆ ವಿಳಾಸವನ್ನು ಕ್ಯೂಆರ್ ಕೋಡ್ ಮಾಡಿ, ಪ್ರಿಂಟ್ ತೆಗೆದು, ತರಗತಿಯ ಬಾಗಿಲಿಗೆ ಅಂಟಿಸಿ. ಗ್ರೂಪಿನಲ್ಲಿ ಇನ್ನು ಮೇಲೆ ಫೈಲ್ ಹಾಕಬೇಡಿ, "ನಾಲ್ಕನೇ ವಾರದ್ದು ಹಾಕಿದೆ" ಎಂದಷ್ಟೇ ಬರೆಯಿರಿ. ಮೊದಲ ತಿಂಗಳು ಎಲ್ಲರೂ "ಸರ್ ಇಲ್ಲೇ ಹಾಕಿ" ಎಂದು ಗೋಗರೆಯುತ್ತಾರೆ. ಕರಗಬೇಡಿ.

ಫೈಲಿಗೆ ಹೆಸರಿಡುವುದು ಸಣ್ಣ ಕೆಲಸ ಎನಿಸಬಹುದು. ತಾರೀಖು, ಅಂಕಿ, ಅಕ್ಷರ ಕಲಸಿದ ಹೆಸರಿನ ಮೂವತ್ತು ಫೈಲುಗಳಲ್ಲಿ ಬೇಕಾದದ್ದನ್ನು ಹುಡುಕಿ ನೋಡಿ, ಆಗ ಗೊತ್ತಾಗುತ್ತದೆ. "ವಾರ04-ಬೇಡಿಕೆ-ಆಡಿಯೊ" ಎಂದು ಕನ್ನಡದಲ್ಲೇ ಇಡಿ. ವಾರದ ಅಂಕಿ ಮೊದಲಿದ್ದರೆ ತಾನಾಗೇ ಸಾಲಾಗಿ ಕೂರುತ್ತದೆ.

ಮೂರನೇ ಹೆಜ್ಜೆ: ಪಾಠದ ತೂಕ ಇಳಿಸಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಕೆಲಸ ಇರುವುದು ಇಲ್ಲೇ.

ಕೈಬರಹದ ನೋಟ್ಸ್‌ನ ಫೋಟೊ ತೆಗೆದು ಹಾಕುವುದು ನಮ್ಮ ಅಭ್ಯಾಸ. ಫೋನಿನಲ್ಲಿ ತೆಗೆದ ಫೋಟೊ ಒಂದೊಂದೂ 3-4 ಎಂಬಿ. ಹದಿನೈದು ಪುಟಕ್ಕೆ 50 ಎಂಬಿ ಆಯಿತು. ಅದೇ ಪುಟಗಳನ್ನು ಡ್ರೈವ್ ಆಪ್‌ನಲ್ಲಿರುವ ಸ್ಕ್ಯಾನ್ ಬಳಸಿ, ಕಪ್ಪು-ಬಿಳುಪು ಆಯ್ಕೆ ಮಾಡಿ ಪಿಡಿಎಫ್ ಮಾಡಿದರೆ ಎರಡು ಮೂರು ಎಂಬಿಗೆ ಇಳಿಯುತ್ತದೆ. ಟೈಪ್ ಮಾಡಿದರೆ ಕೆಲವೇ ನೂರು ಕೆಬಿ.

ಟೈಪ್ ಅಂದ ಕೂಡಲೇ ಒಂದು ಎಚ್ಚರ. ನಮ್ಮಲ್ಲಿ ಬಹಳ ಜನರ ಹತ್ತಿರ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲುಗಳ ರಾಶಿ ಇದೆ. ಅವನ್ನು ಫೋನಿನಲ್ಲಿ ತೆರೆದರೆ ಮಂತ್ರವಾದಿಯ ಚೀಟಿಯ ಹಾಗೆ ಕಾಣುತ್ತದೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟ್ ಅದು. ಆ ಫಾಂಟ್ ಇಲ್ಲದ ಕಡೆ ಕನ್ನಡವೂ ಇಲ್ಲ. ಪಿಡಿಎಫ್ ಮಾಡಿದರೆ ಕಾಣುತ್ತದೆ ನಿಜ, ಆದರೆ ಅದರೊಳಗೆ ಒಂದು ಪದ ಹುಡುಕಲು ಆಗುವುದಿಲ್ಲ. ನುಡಿಯಲ್ಲೇ ಇರುವ ಪರಿವರ್ತಕದಿಂದ ಅವನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಫೋನಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಬದಲಿಸಿ. ಆಗ ಹುಡುಕಬಹುದು, ಅಕ್ಷರ ದೊಡ್ಡದು ಮಾಡಬಹುದು, ಕಣ್ಣು ಕಾಣದ ವಿದ್ಯಾರ್ಥಿಗೆ ಫೋನೇ ಓದಿ ಹೇಳುತ್ತದೆ. ಈ ಕೊನೆಯದನ್ನು ನಾನು ಕಲಿತದ್ದು ದೃಷ್ಟಿ ಕಡಿಮೆಯಿದ್ದ ವಿದ್ಯಾರ್ಥಿಯೊಬ್ಬನಿಂದ. ನಾನು ಹಾಕುತ್ತಿದ್ದ ಸ್ಕ್ಯಾನುಗಳು ಅವನ ಫೋನಿಗೆ ಬರೀ ಬಿಳಿ ಹಾಳೆ. ಒಂದು ಸೆಮಿಸ್ಟರ್ ಪೂರ್ತಿ ಅವನು ಅದನ್ನು ಹೇಳಿರಲಿಲ್ಲ.

ಟೈಪ್ ಮಾಡಲು ಬೇಜಾರಾದರೆ ಮಾತಾಡಿ. ಫೋನಿನ ಕೀಬೋರ್ಡಿನಲ್ಲಿ ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಹೇಳಿದರೆ ಅದೇ ಬರೆಯುತ್ತದೆ. ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತದೆ, ಪೂರ್ಣವಿರಾಮ ನೀವೇ ಹಾಕಬೇಕು. ಆದರೂ ಬರೆಯುವುದಕ್ಕಿಂತ ಬೇಗ. ಅಚ್ಚಾದ ಹಳೆಯ ನೋಟ್ಸ್ ಇದ್ದರೆ ಸ್ಕ್ಯಾನ್ ಮಾಡಿ ಡ್ರೈವ್‌ಗೆ ಏರಿಸಿ, ಕಂಪ್ಯೂಟರಿನಲ್ಲಿ ಅದನ್ನು ಗೂಗಲ್ ಡಾಕ್ಸ್ ಮೂಲಕ ತೆರೆಯಿರಿ. ಚಿತ್ರದಲ್ಲಿದ್ದ ಕನ್ನಡ ಅಕ್ಷರಗಳಾಗಿ ಬರುತ್ತದೆ.

ಇನ್ನು ಆಡಿಯೊ. ಲೆಕ್ಕ ಸುಲಭ. ಮಾತಿಗೆ ಸೆಕೆಂಡಿಗೆ 32 ಕಿಲೋಬಿಟ್ ಸಾಕು, ಮೋನೊ ಇರಲಿ. ನಿಮಿಷಕ್ಕೆ 240 ಕೆಬಿ, ಹತ್ತು ನಿಮಿಷಕ್ಕೆ 2.4 ಎಂಬಿ. ಅದೇ ಹತ್ತು ನಿಮಿಷದ 480ಪಿ ವಿಡಿಯೊ ಹಿಂಡಿದರೂ ಸಾಮಾನ್ಯವಾಗಿ 40-50 ಎಂಬಿ. ಫೋನಿನ ರೆಕಾರ್ಡರ್‌ನಲ್ಲಿ ಹೇಳಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಈ ಗಾತ್ರಕ್ಕೆ ಇಳಿಸಿ. ಮಳೆಗಾಲದಲ್ಲಿ ಶೀಟಿನ ಮನೆಯಲ್ಲಿ ಕೂತು ರೆಕಾರ್ಡ್ ಮಾಡಬೇಡಿ, ಮಳೆಯೇ ಪಾಠ ಮಾಡುತ್ತದೆ. ಬಟ್ಟೆ ತುಂಬಿದ ಬೀರು ಬಾಗಿಲು ತೆರೆದು, ಅದರ ಮುಂದೆ ನಿಂತು ಹೇಳಿ. ಗುಂಯ್‌ಗುಡುವುದು ನಿಲ್ಲುತ್ತದೆ. ನನ್ನ ಹೆಂಡತಿ ಮೊದಲ ಸಲ ನೋಡಿದಾಗ ಗಾಬರಿಯಾಗಿದ್ದಳು.

ತರಗತಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಬೇಡಿ. ತರಗತಿಯಲ್ಲಿ ಎಲ್ಲಿ ಮುಖಗಳು ಸಪ್ಪಗಾದವೋ ಅದೊಂದನ್ನು ತಗೊಂಡು ಎಂಟು ನಿಮಿಷ ಹೇಳಿ. "ಪುಸ್ತಕದ 112ನೇ ಪುಟದ ಚಿತ್ರ ನೋಡಿ" ಎನ್ನುವುದು ಬಸ್ಸಿನಲ್ಲಿ ಕೂತವಳಿಗೆ ಆಗದು. ಬಾಯಲ್ಲೇ ಚಿತ್ರ ಬಿಡಿಸಬೇಕು. ಬೇಡಿಕೆಯ ಸ್ಥಿತಿಸ್ಥಾಪಕತ್ವ ಹೇಳುವಾಗ ನಾನು ಹಾಸನದ ಸಂತೆಗೆ ಹೋಗುತ್ತೇನೆ. ಆಲೂಗಡ್ಡೆ ಬೆಲೆ ಎರಡು ಪಟ್ಟಾದರೆ ಅಮ್ಮ ಏನು ಮಾಡುತ್ತಾಳೆ, ಉಪ್ಪಿನ ಬೆಲೆ ಎರಡು ಪಟ್ಟಾದರೆ ಏನು ಮಾಡುತ್ತಾಳೆ? ರೇಖೆ ಎಳೆಯದೆ ಅರ್ಥ ಆಗುತ್ತದೆ.

ವಿಡಿಯೊ ಬೇಡವೇ ಬೇಡ ಎನ್ನುತ್ತಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಾಣುವುದು, ಹಂತ ಹಂತವಾಗಿ ಬಿಡಿಸುವ ಗಣಿತ, ಕೈ ಕೆಲಸ, ಇವಕ್ಕೆ ವಿಡಿಯೊವೇ ಬೇಕು. ಆದರೆ ಚಿಕ್ಕದಿರಲಿ. ಎಡೆಕ್ಸ್ ಎಂಬ ಆನ್‌ಲೈನ್ ತಾಣದ ಕೋರ್ಸುಗಳ ಲಕ್ಷಾಂತರ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ನೋಡುವವರು ಸಾಮಾನ್ಯವಾಗಿ ಆರು ನಿಮಿಷ ದಾಟುವುದಿಲ್ಲ ಎಂದು ಕಂಡಿತ್ತು. ನನ್ನ 310 ಎಂಬಿ ಪಾಠ 42 ನಿಮಿಷದ್ದು! ಫೈಲ್ ಆಗಿ ಕಳಿಸುವ ಬದಲು ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಆಗಿ ಹಾಕಿ. ಲಿಂಕ್ ಇದ್ದವರಿಗೆ ಮಾತ್ರ ಸಿಗುತ್ತದೆ, ಸಿಗ್ನಲ್ ಕಡಿಮೆಯಿದ್ದವರು 144ಪಿಗೆ ಇಳಿಸಿಕೊಂಡು ನೋಡುತ್ತಾರೆ. ಹಾಕುವ ಮುನ್ನ ನೀವೇ 144ಪಿಯಲ್ಲಿ ನೋಡಿ. ಬೋರ್ಡಿನ ಅಕ್ಷರ ಕಾಣಲಿಲ್ಲವೇ? ದಪ್ಪಗೆ ಬರೆದು ಮತ್ತೆ ತೆಗೆಯಿರಿ.

ನಿಮ್ಮ ಪುಟ ನಿಧಾನ ನೆಟ್‌ವರ್ಕಿನಲ್ಲಿ ಹೇಗೆ ತೆರೆಯುತ್ತದೆ ಎಂದು ಊರಲ್ಲಿ ಕೂತೇ ನೋಡಬಹುದು. ಕಂಪ್ಯೂಟರಿನ ಕ್ರೋಮ್‌ನಲ್ಲಿ ಎಫ್12 ಒತ್ತಿ. ಅಲ್ಲಿ ಬರುವ ನೆಟ್‌ವರ್ಕ್ ಭಾಗದಲ್ಲಿ ವೇಗವನ್ನು 3ಜಿಗೆ ಇಳಿಸಿ ಪುಟ ಮತ್ತೆ ತೆರೆಯಿರಿ. ಸುತ್ತುವ ಚಕ್ರ ನೋಡುತ್ತ ಎರಡು ನಿಮಿಷ ಕೂತರೆ ಸಾಕು, ಎಲ್ಲ ತಿದ್ದಬೇಕು ಎನಿಸುತ್ತದೆ.

ಇಷ್ಟೆಲ್ಲ ಮಾಡಿದರೂ ತಲುಪದವರು ಇರುತ್ತಾರೆ. ಅವರಿಗೆ ಶುಕ್ರವಾರ ಕೊನೆಯ ತರಗತಿ ಮುಗಿದ ಮೇಲೆ ಕ್ವಿಕ್ ಶೇರ್‌ನಲ್ಲಿ ಕೊಡಿ. ಫೋನಿನಿಂದ ಫೋನಿಗೆ, ಡೇಟಾ ಬೇಡ. ಬಸ್ ಹಿಡಿಯುವ ಅವಸರದಲ್ಲಿದ್ದವರಿಗೆ ಅವರ ಗೆಳೆಯರು ಬಸ್ಸಿನಲ್ಲೇ ದಾಟಿಸುತ್ತಾರೆ. ಇದನ್ನು ವೆಬ್ ತಂತ್ರಜ್ಞಾನ ಎನ್ನಬಹುದೋ ಇಲ್ಲವೋ, ಪಾಠವಂತೂ ಮುಟ್ಟುತ್ತದೆ.

ನಾಲ್ಕನೇ ಹೆಜ್ಜೆ: ವಾರಕ್ಕೆ ಐದು ಪ್ರಶ್ನೆ

ಬಾಗಿಲು ತೆರೆದಾಯಿತು, ಪಾಠ ಹಗುರ ಆಯಿತು. ಓದುತ್ತಾರಾ? ಇಲ್ಲ. ಪರೀಕ್ಷೆ ಹಿಂದಿನ ವಾರ ಓದುತ್ತಾರೆ. ನಾವೂ ಹಾಗೇ ಇದ್ದೆವು.

ನನ್ನ ಅನುಭವದಲ್ಲಿ ವೆಬ್‌ನಿಂದ ಕಲಿಕೆಗೆ ಆಗುವ ನಿಜವಾದ ಸಹಾಯ ಇರುವುದು ವಾಪಸ್ ಬರುವ ಉತ್ತರದಲ್ಲಿ. ಹಂಚುವುದು ಸುಲಭದ ಅರ್ಧ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು. ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತ್ತು, ಬರೆದು ನೋಡಿದವರು ಮುಂದಿದ್ದರು. ನಮ್ಮ ಅಜ್ಜಂದಿರು ಮಗ್ಗಿ ಒಪ್ಪಿಸು ಎನ್ನುತ್ತಿದ್ದರಲ್ಲ, ಓದು ಎನ್ನುತ್ತಿರಲಿಲ್ಲ.

ಮಾಡುವುದು ಹೀಗೆ. ಗೂಗಲ್ ಫಾರ್ಮ್ಸ್‌ನಲ್ಲಿ ಕ್ವಿಜ್ ಆಯ್ಕೆ ಆನ್ ಮಾಡಿ. ವಾರಕ್ಕೆ ಐದೇ ಪ್ರಶ್ನೆ. ಎರಡು ಈ ವಾರದ್ದು. ಇನ್ನೆರಡು ಪ್ರಶ್ನೆ ಮೂರು ವಾರ ಹಿಂದಿನದ್ದು, ಮರೆತಿರುವಂಥದ್ದು. ಐದನೆಯದಕ್ಕೆ ಅಂಕ ಇಲ್ಲ: "ಈ ವಾರ ಎಲ್ಲಿ ಸಿಕ್ಕಿಹಾಕಿಕೊಂಡಿರಿ? ಒಂದು ಸಾಲು ಬರೆಯಿರಿ."

ತಪ್ಪು ಆಯ್ಕೆಗಳನ್ನು ಯೋಚಿಸಿ ಬರೆಯಬೇಕು. ಯಾವುದೋ ಮೂರು ಅಸಂಬದ್ಧ ಉತ್ತರ ಇಟ್ಟರೆ ಏನೂ ತಿಳಿಯುವುದಿಲ್ಲ. ವಿದ್ಯಾರ್ಥಿಗಳು ನಿಜವಾಗಿ ಮಾಡುವ ತಪ್ಪನ್ನೇ ಆಯ್ಕೆಯಾಗಿ ಇಡಿ. ಹಳೆಯ ಉತ್ತರಪತ್ರಿಕೆಗಳಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ. ತಪ್ಪು ಒತ್ತಿದವರಿಗೆ ಯಾಕೆ ತಪ್ಪು ಎಂಬ ಎರಡು ಸಾಲು ಕಾಣುವಂತೆ ಬರೆಯಲು ಫಾರ್ಮ್ಸ್‌ನಲ್ಲಿ ಜಾಗ ಇದೆ. ಇದಕ್ಕೆ ಸಮಯ ಹಿಡಿಯುತ್ತದೆ, ನನಗೆ ಶುರುವಿನಲ್ಲಿ ಐದು ಪ್ರಶ್ನೆಗೆ ಒಂದೂವರೆ ಗಂಟೆ ಬೇಕಾಗುತ್ತಿತ್ತು. ಆದರೆ ಮುಂದಿನ ವರ್ಷಕ್ಕೂ ಬರುತ್ತದೆ.

ಗಡುವನ್ನು ಭಾನುವಾರ ರಾತ್ರಿ ಹನ್ನೆರಡಕ್ಕೆ ಇಡಬೇಡಿ. ಮಂಗಳವಾರ ಸಂಜೆ ಇಡಿ. ಮನೆಯಲ್ಲಿ ಸಿಗ್ನಲ್ ಇಲ್ಲದವರು ಸೋಮವಾರ ಹಾಸನಕ್ಕೆ ಬಂದು, ಬಸ್ ಸ್ಟ್ಯಾಂಡಿನಲ್ಲಿ ನಿಂತಾದರೂ ಕಳಿಸುತ್ತಾರೆ. ಎಷ್ಟು ಸಲ ಬೇಕಾದರೂ ಬರೆಯಲು ಬಿಡಿ, ಕೊನೆಯ ಅಂಕ ತಗೊಳ್ಳಿ. ಅಂಕವೂ ಜಾಸ್ತಿ ಬೇಡ. ಆಂತರಿಕ ಅಂಕದಲ್ಲಿ ಸ್ವಲ್ಪ ಪಾಲು ಸಾಕು. ಜಾಸ್ತಿ ಇಟ್ಟರೆ ಒಬ್ಬ ಬರೆದದ್ದನ್ನು ಐವತ್ತು ಜನ ಕಳಿಸುತ್ತಾರೆ.

ಬುಧವಾರ ಬೆಳಿಗ್ಗೆ ತರಗತಿಗೆ ಹೋಗುವ ಮುನ್ನ ಕಾಫಿ ಕುಡಿಯುತ್ತ ಫಲಿತಾಂಶದ ಪಟ್ಟಿ ನೋಡಿ. ಐದನ್ನೂ ಚರ್ಚಿಸಬೇಡಿ. ಜಾಸ್ತಿ ಜನ ತಪ್ಪಿದ ಒಂದನ್ನು ಬೋರ್ಡಿನಲ್ಲಿ ಬರೆಯಿರಿ, ಉತ್ತರ ಹೇಳಬೇಡಿ. ಪಕ್ಕದಲ್ಲಿ ಕೂತವರು ಬೇರೆ ಉತ್ತರ ಬರೆದಿದ್ದರೆ ಅವರನ್ನು ಒಪ್ಪಿಸಿ ನೋಡಿ ಎನ್ನಿ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಿಂದ ಈ ಪದ್ಧತಿಗೆ ಹೆಸರಾದವರು. ಈಗಷ್ಟೇ ಅರ್ಥ ಮಾಡಿಕೊಂಡ ಹುಡುಗಿಗೆ, ಅರ್ಥವಾಗದ ಹುಡುಗ ಎಲ್ಲಿ ಎಡವುತ್ತಿದ್ದಾನೆ ಎಂದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮೂರು ನಿಮಿಷ ತರಗತಿ ಸಂತೆಯಾಗುತ್ತದೆ. ಪ್ರಿನ್ಸಿಪಾಲರು ಇಣುಕಿ ನೋಡಿದರೆ ನೋಡಲಿ.

ಆ ಐದನೇ ಪ್ರಶ್ನೆಯ ಉತ್ತರಗಳನ್ನು ಮಾತ್ರ ಪೂರ್ತಿ ಓದಿ. ಹೆಚ್ಚಿನವರು "ಎಲ್ಲ ಅರ್ಥ ಆಯಿತು ಸರ್" ಎಂದು ಬರೆಯುತ್ತಾರೆ, ಅದು ಸುಳ್ಳು. ನಡುವೆ ಒಂದೋ ಎರಡೋ ನಿಜ ಇರುತ್ತದೆ. "ನೀವು ಬೇಗ ಬೇಗ ಇಂಗ್ಲಿಷ್ ಪದ ಹೇಳ್ತೀರ, ಬರ್ಕೊಳ್ಳೋಕೆ ಆಗಲ್ಲ" ಎಂದು ಒಬ್ಬರು ಬರೆದಿದ್ದರು. ಹದಿನಾರು ವರ್ಷ ಪಾಠ ಮಾಡಿದ್ದರೂ ಎದುರಿಗೆ ನಿಂತು ಯಾರೂ ಇದನ್ನು ಹೇಳಿರಲಿಲ್ಲ.

ಐದನೇ ಹೆಜ್ಜೆ: ಅವರ ಊರಿನ ಮೇಲೆ ಕೆಲಸ ಕೊಡಿ

"ಜಾಗತೀಕರಣದ ಪರಿಣಾಮಗಳು, ಐದು ಪುಟ" ಎಂದು ಅಸೈನ್‌ಮೆಂಟ್ ಕೊಟ್ಟರೆ ಈಗ ಐದು ನಿಮಿಷದಲ್ಲಿ ಚಾಟ್‌ಬಾಟ್ ಬರೆದುಕೊಡುತ್ತದೆ. ಹುಡುಗರನ್ನು ಬೈದು ಉಪಯೋಗವಿಲ್ಲ. ಪ್ರಶ್ನೆಯೇ ಅಂಥದ್ದು. ವೆಬ್‌ನಲ್ಲಿ ಅರ್ಧ ಇದ್ದು, ಊರಿನಲ್ಲಿ ಇನ್ನರ್ಧ ಇರುವಂಥ ಪ್ರಶ್ನೆ ಹುಡುಕಿ.

ನಾನು ಕೊಡುವ ಒಂದು ಕೆಲಸ ಮಳೆಯದ್ದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿವಾರು ಮಳೆಯ ಅಂಕಿಅಂಶವನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಇತ್ತ ನಮ್ಮ ಮಲೆನಾಡಿನ ತೋಟದ ಮನೆಗಳಲ್ಲಿ ತಲೆಮಾರುಗಳಿಂದ ಮಳೆ ಪುಸ್ತಕ ಬರೆದಿಟ್ಟವರಿದ್ದಾರೆ. ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ. ಎರಡನ್ನೂ ಪಕ್ಕಪಕ್ಕ ಇಡಿ ಎನ್ನುತ್ತೇನೆ. ಇಂಚನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಬೇಕು, ಗೂಗಲ್ ಶೀಟ್ಸ್‌ನಲ್ಲಿ ತುಂಬಬೇಕು, ರೇಖೆ ಎಳೆಯಬೇಕು. ಆಮೇಲೆ ಮನೆಯ ಹಿರಿಯರನ್ನು ಕೇಳಬೇಕು: ಹೂಮಳೆ ತಡವಾದ ವರ್ಷ ಕಾಫಿ ಏನಾಯಿತು? ಸರಾಸರಿ, ವಿಚಲನೆ ಎಂದು ನಾವು ಬೋರ್ಡಿನಲ್ಲಿ ಹೇಳುವುದು ಅಲ್ಲಿ ಅಜ್ಜನ ಪುಸ್ತಕದಲ್ಲಿ ಕಾಣುತ್ತದೆ. ಅರಸೀಕೆರೆ ಕಡೆಯ ಬಯಲುಸೀಮೆ ಹುಡುಗರು ತಮ್ಮ ಹೋಬಳಿಯ ಅಂಕಿ ತಂದು ಸಕಲೇಶಪುರದ್ದರ ಪಕ್ಕ ಇಟ್ಟಾಗ, ಒಂದೇ ಜಿಲ್ಲೆಯಾ ಇದು ಎಂದು ಅವರಿಗೇ ಆಶ್ಚರ್ಯ.

ಬೆಲೆಯೂ ಹಾಗೇ. ಕಾಫಿ ಬೋರ್ಡಿನ ತಾಣದಲ್ಲಿ ದಿನದ ದರ ಸಿಗುತ್ತದೆ. ಊರಿನ ವ್ಯಾಪಾರಿ 50 ಕೆಜಿ ಚೀಲಕ್ಕೆ ಹೇಳಿದ ದರವನ್ನು ಅದರ ಜೊತೆ ಒಂದು ತಿಂಗಳು ಬರೆದಿಡಿ ಎಂದರೆ ಮಾರುಕಟ್ಟೆಯ ಪಾಠ ತಾನಾಗೇ ನಡೆಯುತ್ತದೆ.

ಇತಿಹಾಸದ ಗೆಳೆಯರೊಬ್ಬರು ಶಾಸನ ಹಿಡಿದಿದ್ದಾರೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಐದನೇ ಸಂಪುಟ ಹಾಸನ ಜಿಲ್ಲೆಯದ್ದು, ಆರನೆಯದು ಆಗಿನ ಕಡೂರು ಜಿಲ್ಲೆಯದ್ದು, ಅಂದರೆ ಇಂದಿನ ಚಿಕ್ಕಮಗಳೂರು. ಎರಡೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ. ವಿದ್ಯಾರ್ಥಿಗಳು ತಮ್ಮ ಊರಿನ ಹೆಸರು ಹುಡುಕಿ, ಆ ಕಲ್ಲು ಈಗ ಎಲ್ಲಿದೆ ಎಂದು ಹೋಗಿ ನೋಡಬೇಕು. ಕೆಲವು ಸಿಗುತ್ತವೆ. ಒಂದು ಕಡೆ ಬಟ್ಟೆ ಒಗೆಯುವ ಕಲ್ಲಾಗಿತ್ತಂತೆ. ಸಿಕ್ಕಿದ್ದರ ಫೋಟೊವನ್ನು ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ, ಕನ್ನಡ ವಿಕಿಪೀಡಿಯದ ಊರಿನ ಪುಟಕ್ಕೆ ಎರಡು ಪ್ಯಾರಾ ಸೇರಿಸುವುದು ಕೆಲಸದ ಕೊನೆ. ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು, ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ಹಲ್ಮಿಡಿ ಎಲ್ಲರಿಗೂ ಗೊತ್ತು. ನಮ್ಮ ವಿದ್ಯಾರ್ಥಿನಿಯ ಊರಿನ ಕೆರೆ ಏರಿಯ ವೀರಗಲ್ಲಿನ ಬಗ್ಗೆ ಬರೆಯುವವಳು ಅವಳೇ.

ವಿದ್ಯಾರ್ಥಿಗಳನ್ನು ವಿಕಿಪೀಡಿಯಕ್ಕೆ ಇಳಿಸುವ ಮುನ್ನ ಮೂರು ಮಾತು ಹೇಳಿ. ಮೊದಲು ಪ್ರಯೋಗಪುಟದಲ್ಲಿ ಬರೆಯಬೇಕು. ಪ್ರತಿ ಸಂಗತಿಗೂ ಅಚ್ಚಾದ ಆಧಾರ ಕೊಡಬೇಕು. "ನಮ್ಮೂರು ಬಹಳ ಸುಂದರ" ಎಂದು ಬರೆದರೆ ಯಾರೋ ಅಳಿಸುತ್ತಾರೆ, ಅಳಬಾರದು. ಯಾವ ಅಪರಿಚಿತರೋ ತಮ್ಮ ಬರಹವನ್ನು ತಿದ್ದಿದಾಗ ಆಗುವ ಕಸಿವಿಸಿಯಿಂದಲೇ ಆಧಾರ ಅಂದರೇನು ಎಂದು ಅವರು ಕಲಿಯುತ್ತಾರೆ.

ಕೆಲಸ ಒಪ್ಪಿಸಿದ ಮೇಲೆ ಒಬ್ಬೊಬ್ಬರನ್ನೂ ಎರಡು ನಿಮಿಷ ಮಾತಾಡಿಸಿ. "ಈ ಅಂಕಿ ಎಲ್ಲಿಂದ ಬಂತು? ಆಗಸ್ಟ್‌ನಲ್ಲಿ ಯಾಕೆ ಇಳಿಯಿತು?" ಸ್ವಂತ ಮಾಡಿದವರಿಗೆ ಹೇಳಲು ಜಾಸ್ತಿಯೇ ಇರುತ್ತದೆ, ನಿಲ್ಲಿಸಬೇಕಾಗುತ್ತದೆ.

ಆರನೇ ಹೆಜ್ಜೆ: ಬೇರೆಯವರು ಮಾಡಿಟ್ಟದ್ದು

ಎಲ್ಲವನ್ನೂ ನೀವೇ ತಯಾರಿಸಬೇಕಿಲ್ಲ. ಕೇಂದ್ರ ಸರ್ಕಾರದ ಸ್ವಯಂ ಎಂಬ ಆನ್‌ಲೈನ್ ಕೋರ್ಸುಗಳ ತಾಣ 2017ರಿಂದ ಇದೆ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಅದಕ್ಕೂ ಹಳೆಯದು. ಕಲಿಯುವುದು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ, ಅದನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಎನ್‌ಪಿಟಿಇಎಲ್‌ನಲ್ಲಿ ವಾರದ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಕ್ರೆಡಿಟ್ ಆಸೆಗೆ ಸೇರಿಸುವುದಾದರೆ ನಿಮ್ಮ ವಿಶ್ವವಿದ್ಯಾಲಯ ಆ ಕೋರ್ಸನ್ನು ಒಪ್ಪುತ್ತದಾ ಎಂದು ಸೇರುವ ಮೊದಲೇ ಬರಹದಲ್ಲಿ ಕೇಳಿ. ಮತ್ತೆ, ಇಡೀ ತರಗತಿಯನ್ನು ಸೇರಿಸಬೇಡಿ. ಆಸಕ್ತಿಯಿರುವ ಐದಾರು ಜನರನ್ನು ಒಟ್ಟಿಗೆ ಸೇರಿಸಿ, ವಾರಕ್ಕೊಮ್ಮೆ ಕಂಪ್ಯೂಟರ್ ಲ್ಯಾಬಿನಲ್ಲಿ ಕೂರಿಸಿ. ಒಬ್ಬರೇ ಸೇರಿದವರು ಮೂರನೇ ವಾರಕ್ಕೆ ಬಿಡುತ್ತಾರೆ.

ವಿಜ್ಞಾನದವರಿಗೆ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳು, ಅಂದರೆ ತೆರೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು, ವರ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ್ದು. ಹಲವು ಕನ್ನಡದಲ್ಲೂ ಇವೆ. ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆ ನಡೆಯುತ್ತವೆ. ಕೀವಿಕ್ಸ್ ಎಂಬ ಆಪ್‌ನಲ್ಲಿ ಕನ್ನಡ ವಿಕಿಪೀಡಿಯವನ್ನೇ ಇಳಿಸಿಟ್ಟುಕೊಳ್ಳಬಹುದು. ನಿಮ್ಮ ಕಾಲೇಜು ಎನ್-ಲಿಸ್ಟ್ ಎಂಬ ಆನ್‌ಲೈನ್ ಗ್ರಂಥಾಲಯ ಯೋಜನೆಯ ಸದಸ್ಯವಾಗಿದ್ದರೆ ಸಾವಿರಾರು ಪತ್ರಿಕೆ, ಪುಸ್ತಕ ನಿಮ್ಮದು. ಗ್ರಂಥಪಾಲಕರನ್ನು ಕೇಳಿ. ಲಾಗಿನ್ ಅವರ ಹತ್ತಿರವೇ ಧೂಳು ಹಿಡಿದಿರಬಹುದು.

ಏಳನೇ ಹೆಜ್ಜೆ: ನಂಬರು, ಮುಖ, ಅಂಕ

ಗ್ರೂಪಿಗೆ ಸೇರಿಸಿದರೆ ಹುಡುಗಿಯ ಫೋನ್ ನಂಬರ್ ಐವತ್ತು ಜನರಿಗೆ ಸಿಗುತ್ತದೆ. ಮರುದಿನವೇ ಗುಡ್ ಮಾರ್ನಿಂಗ್ ಶುರು. ನಮ್ಮ ತರಗತಿಯಲ್ಲಿ ಒಬ್ಬಳು ಇದೇ ಕಾರಣಕ್ಕೆ ಸಿಮ್ ಬದಲಿಸಿದಳು. ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ. ಸುದ್ದಿಗೆ ವಾಟ್ಸಾಪ್ ಚಾನೆಲ್ ಮಾಡಿ, ಅಲ್ಲಿ ಸೇರಿದವರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ. ಆನ್‌ಲೈನ್ ತರಗತಿಯಲ್ಲಿ ಕ್ಯಾಮೆರಾ ಹಾಕಲೇಬೇಕು ಎಂದು ಹಟ ಹಿಡಿಯಬೇಡಿ. ಹಿಂದೆ ಕಾಣುವುದು ಅವರ ಮನೆ. ಅಂಕಪಟ್ಟಿಯ ಫೋಟೊ ಗ್ರೂಪಿಗೆ ಹಾಕುವುದು ನಿಲ್ಲಲಿ. ಕ್ಲಾಸ್‌ರೂಮ್, ಮೂಡಲ್ ಎರಡರಲ್ಲೂ ಅವರವರ ಅಂಕ ಅವರವರಿಗೇ ಕಾಣುತ್ತದೆ.

ಸೆಮಿಸ್ಟರ್ ಮುಗಿಯುವ ಮುನ್ನ

ಎಲ್ಲರೂ ಮರೆಯುವ ಕೆಲಸ ಒಂದಿದೆ. ನಮ್ಮ ಕಾಲೇಜುಗಳಲ್ಲಿ ಅರ್ಧಕ್ಕರ್ಧ ಪಾಠ ಮಾಡುವವರು ಅತಿಥಿ ಉಪನ್ಯಾಸಕರು. ಅವರು ಸ್ವಂತ ಜಿಮೇಲ್‌ನಲ್ಲಿ ಎಲ್ಲ ಕಟ್ಟಿರುತ್ತಾರೆ. ಮುಂದಿನ ವರ್ಷ ಕೌನ್ಸೆಲಿಂಗ್‌ನಲ್ಲಿ ಬೇರೆ ಊರು ಸಿಕ್ಕಿದರೆ ಬಾಗಿಲು ಅವರ ಜೊತೆಗೇ ಹೋಗುತ್ತದೆ. ಹೊಸಬರು ಮತ್ತೆ ಸೊನ್ನೆಯಿಂದ ಶುರು. ನಮ್ಮ ವಿಭಾಗದಲ್ಲಿ ಹೀಗೆ ಮೂರು ವರ್ಷದ ಪ್ರಶ್ನೆ ಸಂಗ್ರಹ ಹೋಯಿತು.

ಆದ್ದರಿಂದ ಮೊದಲ ದಿನವೇ ವಿಭಾಗದ ಹೆಸರಿನಲ್ಲಿ ಒಂದು ಖಾತೆ ತೆರೆದು, ಅದನ್ನು ಪ್ರತಿ ಕ್ಲಾಸ್‌ರೂಮಿಗೂ ಸಹಶಿಕ್ಷಕರಾಗಿ ಸೇರಿಸಿ. ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ. ಕೊನೆಯ ವಾರ ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಇಳಿಸಿ. ಹಗುರವಾಗಿ ಮಾಡಿದ್ದರೆ ಒಂದು ಸೆಮಿಸ್ಟರಿನ ಎಲ್ಲ ಪಾಠ ಒಂದು ಸಿನಿಮಾಕ್ಕಿಂತ ಕಡಿಮೆ ಜಾಗ ಹಿಡಿಯುತ್ತದೆ. ತಯಾರಿಸಿದವರ ಹೆಸರನ್ನು ಪ್ರತಿ ಫೈಲಿನ ಕೊನೆಗೆ ಬರೆಯಿರಿ, ಮುಂದಿನವರು ಅಳಿಸಬಾರದು. ನಮ್ಮ ಪೆನ್‌ಡ್ರೈವ್ ಗ್ರಂಥಾಲಯದ ಬೀರುವಿನಲ್ಲಿದೆ. ಪುಸ್ತಕದ ಹಾಗೇ ಅದಕ್ಕೂ ನಂಬರ್ ಹಾಕಿ, ರಿಜಿಸ್ಟರಿನಲ್ಲಿ ಸಹಿ ಮಾಡಿ ಕೊಡುತ್ತಾರೆ. ಕಳೆದ ಸಲ ತಗೊಂಡು ಹೋದವರು ಇನ್ನೂ ವಾಪಸ್ ಕೊಟ್ಟಿಲ್ಲ. ಹಾಗಾಗಿ ಎರಡು ಪ್ರತಿ ಮಾಡಿ.